ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಗುಳಿಗೆಯ ಹೊತ್ತಿಗೆ ಫೋನ್ ಸುಮ್ಮನಿದ್ದರೆ

ಫೋನಿನಲ್ಲಿ ಟಿಪ್ಪಣಿ ಬರೆದಿಡುವ ಮತ್ತು ರಿಮೈಂಡರ್ ಹಾಕುವ ಆ್ಯಪ್‌ಗಳ ಬಗ್ಗೆ ಧಾರವಾಡ, ಹಾವೇರಿ ಮತ್ತು ಗದಗ ಜಿಲ್ಲೆಗಳಿಂದ ಬಂದ ನಾಲ್ಕು ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಟಿಪ್ಪಣಿ ಎಂದರೆ ನಾವು ಹುಡುಕಿದಾಗ ಸಿಗಬೇಕಾದದ್ದು, ರಿಮೈಂಡರ್ ಎಂದರೆ ನಾವು ಹುಡುಕದಿದ್ದರೂ ಹೊತ್ತಿಗೆ ಸರಿಯಾಗಿ ಬಂದು ಎಬ್ಬಿಸಬೇಕಾದದ್ದು. ಈ ಎರಡು ಕೆಲಸಗಳನ್ನು ಒಂದೇ ಎಂದು ತಿಳಿದುಕೊಂಡ ಕಡೆಯಲ್ಲೆಲ್ಲ ತೊಂದರೆ ಹುಟ್ಟಿರುವುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನನಗೆ 68 ವರ್ಷ. ಬೆಳಿಗ್ಗೆ ಐದೂವರೆಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆ, ನಾಷ್ಟಾ ಆದ ಮೇಲೆ ಬಿ.ಪಿ. ಗುಳಿಗೆ, ರಾತ್ರಿ ಮತ್ತೊಂದು. ಮೊಮ್ಮಗ ಗೂಗಲ್ ಕೀಪ್ ಎಂಬ ಟಿಪ್ಪಣಿ ಆ್ಯಪ್‌ನಲ್ಲಿ ಮೂರಕ್ಕೂ ರಿಮೈಂಡರ್ ಹಾಕಿಕೊಟ್ಟಿದ್ದಾನೆ. ಉಳಿದೆರಡು ಸರಿಯಾಗಿ ಬರುತ್ತವೆ. ಬೆಳಗಿನದು ಮಾತ್ರ ಎಷ್ಟೋ ದಿನ ನಾನು ಏಳು ಗಂಟೆಗೆ ಫೋನ್ ಕೈಗೆತ್ತಿಕೊಂಡ ಮೇಲೆಯೇ ಕಾಣಿಸುತ್ತದೆ. ಫೋನ್ ಕೆಟ್ಟಿದೆಯೇ? ಮಗ ಸ್ಮಾರ್ಟ್‌ವಾಚ್ ಕೊಡಿಸುತ್ತೇನೆ ಎನ್ನುತ್ತಾನೆ. ಅದರಿಂದ ಪರಿಹಾರ ಸಿಗುವುದೇ?
— ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಅಕ್ಕೋರೇ, ನಿಮ್ಮ ಫೋನ್ ಕೆಟ್ಟಿಲ್ಲ, ನಿದ್ದೆ ಮಾಡುತ್ತಿದೆ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದಲೂ ಈ ಫೋನುಗಳಲ್ಲಿ ಡೋಜ್ ಎಂಬ ವ್ಯವಸ್ಥೆ ಇದೆ. ಚಾರ್ಜಿಗೆ ಹಚ್ಚದ ಫೋನ್ ಪರದೆ ಆರಿಸಿಕೊಂಡು ಒಂದೇ ಜಾಗದಲ್ಲಿ ಬಹಳ ಹೊತ್ತು ಅಲುಗಾಡದೆ ಬಿದ್ದಿದ್ದರೆ, ಬ್ಯಾಟರಿ ಉಳಿಸಲೆಂದು ಅದು ಆ್ಯಪ್‌ಗಳ ಕೆಲಸವನ್ನು ತಡೆದಿಟ್ಟು, ಆಗಾಗ ಒಮ್ಮೆ ಮಾತ್ರ ಎಚ್ಚರಗೊಂಡು ಬಾಕಿ ಉಳಿದದ್ದನ್ನು ಒಟ್ಟಿಗೆ ಮುಗಿಸುತ್ತದೆ. ಹಗಲಿನಲ್ಲಿ ನೀವು ಫೋನನ್ನು ಆಗಾಗ ಮುಟ್ಟುತ್ತಿರುವುದರಿಂದ ಅದಕ್ಕೆ ಗಾಢ ನಿದ್ದೆ ಹತ್ತುವುದಿಲ್ಲ. ರಾತ್ರಿ ಹತ್ತಕ್ಕೆ ಮೇಜಿನ ಮೇಲಿಟ್ಟ ಫೋನ್ ಐದೂವರೆಯ ಹೊತ್ತಿಗೆ ಗಾಢ ನಿದ್ದೆಯಲ್ಲಿರುತ್ತದೆ. ಇದರ ಮೇಲೆ ಕೆಲವು ಕಂಪನಿಗಳು ತಮ್ಮದೇ ಬ್ಯಾಟರಿ ಉಳಿತಾಯದ ಬಿಗಿಯನ್ನೂ ಸೇರಿಸಿರುವುದರಿಂದ, ಒಂದೇ ಆ್ಯಪ್ ಒಂದು ಫೋನಿನಲ್ಲಿ ಸರಿಯಾಗಿ ನಡೆದು ಇನ್ನೊಂದರಲ್ಲಿ ತಡವರಿಸುತ್ತದೆ.

ಸರಿಪಡಿಸಲು ಮೊಮ್ಮಗನಿಗೆ ಹೀಗೆ ಹೇಳಿ. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಆ ಆ್ಯಪ್ ತೆರೆದು, ಬ್ಯಾಟರಿ ಎಂಬಲ್ಲಿ ನಿರ್ಬಂಧವಿಲ್ಲ ಎಂಬ ಆಯ್ಕೆಯನ್ನು ಒತ್ತಬೇಕು. ನೋಟಿಫಿಕೇಶನ್‌ಗೆ ಅನುಮತಿ ಇದೆಯೇ ಎಂದು ನೋಡಬೇಕು, ಏಕೆಂದರೆ ಆಂಡ್ರಾಯ್ಡ್ 13ರಿಂದ ಈಚೆಗೆ ಹೊಸ ಆ್ಯಪ್ ನಮ್ಮ ಒಪ್ಪಿಗೆ ಪಡೆಯದೆ ನೋಟಿಫಿಕೇಶನ್ ತೋರಿಸುವಂತಿಲ್ಲ. ಅಲಾರಂ ಮತ್ತು ರಿಮೈಂಡರ್ ಎಂಬ ಇನ್ನೊಂದು ಅನುಮತಿ 2021ರ ಆಂಡ್ರಾಯ್ಡ್ 12ರಿಂದ ಬಂದಿದೆ. ನಿಗದಿತ ನಿಮಿಷಕ್ಕೇ ಎಚ್ಚರಗೊಳ್ಳುವ ಹಕ್ಕನ್ನು ಆ್ಯಪ್‌ಗೆ ಕೊಡುವುದು ಇದೇ. ಮತ್ತೊಂದು ಮಾತು: ಕೀಪ್‌ನಲ್ಲಿ ಹಾಕಿದ ರಿಮೈಂಡರ್‌ಗಳನ್ನು ಗೂಗಲ್ ಈಗ ಟಾಸ್ಕ್ಸ್ ಎಂಬ ತನ್ನ ಕೆಲಸಗಳ ಪಟ್ಟಿಯ ಆ್ಯಪ್‌ಗೆ ಒಪ್ಪಿಸಿದ್ದು, ಅವು ಕ್ಯಾಲೆಂಡರ್‌ನಲ್ಲಿಯೂ ಕಾಣಿಸುತ್ತವೆ. ಆದ್ದರಿಂದ ಈ ಅನುಮತಿಗಳನ್ನು ಕೀಪ್ ಒಂದಕ್ಕೇ ಅಲ್ಲ, ಆ ಎರಡು ಆ್ಯಪ್‌ಗಳಿಗೂ ನೋಡಿಕೊಳ್ಳಬೇಕು.

ಇಷ್ಟು ಮಾಡಿದ ಮೇಲೆ ಎಲ್ಲರೂ ಎರಡು ನಿಮಿಷದ ಆಚೆಗೆ ಒಂದು ರಿಮೈಂಡರ್ ಹಾಕಿ, ಅದು ಬಂದದ್ದನ್ನು ನೋಡಿ ಸಮಾಧಾನಪಡುತ್ತಾರೆ. ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಎರಡು ನಿಮಿಷದಲ್ಲಿ ಫೋನಿಗೆ ನಿದ್ದೆಯೇ ಬಂದಿರುವುದಿಲ್ಲ. ರಾತ್ರಿ ಮಲಗುವಾಗ ಫೋನನ್ನು ಚಾರ್ಜಿಗೆ ಹಚ್ಚದೆ ಎಂದಿನ ಜಾಗದಲ್ಲಿಟ್ಟು, ನಸುಕಿನ ಹೊತ್ತಿಗೆ ರಿಮೈಂಡರ್ ಹಾಕಿ, ಸತತವಾಗಿ ಮೂರು ದಿನ ಅದು ಸರಿಯಾದ ಹೊತ್ತಿಗೆ ಬಂದರೆ ಮಾತ್ರ ನಂಬಿ.

ಆದರೂ ನನ್ನ ಸ್ಪಷ್ಟ ಅಭಿಪ್ರಾಯವೆಂದರೆ, ಗುಳಿಗೆಯ ವಿಷಯಕ್ಕೆ ಟಿಪ್ಪಣಿ ಆ್ಯಪ್‌ನ ರಿಮೈಂಡರ್ ಬೇಡವೇ ಬೇಡ. ಅದು ಒಮ್ಮೆ ಟಿಂಗ್ ಎಂದು ಸುಮ್ಮನಾಗುತ್ತದೆ. ಫೋನಿನ ಗಡಿಯಾರದ ಆ್ಯಪ್‌ನಲ್ಲಿ ಅಲಾರಂ ಇಡಿ. ಆ ಅಲಾರಂ ಡೋಜ್‌ನ ನಿದ್ದೆಯನ್ನು ಮುರಿದು ಏಳುತ್ತದೆ, ನೀವು ನಿಲ್ಲಿಸದಿದ್ದರೆ ಸ್ವಲ್ಪ ಹೊತ್ತು ಬಡಿದುಕೊಳ್ಳುತ್ತಲೇ ಇರುತ್ತದೆ, ಫೋನಿನ ಸದ್ದಡಗಿಸುವ ಡು ನಾಟ್ ಡಿಸ್ಟರ್ಬ್ ಹಾಕಿದ್ದರೂ ಸಾಮಾನ್ಯವಾಗಿ ಸದ್ದು ಮಾಡುತ್ತದೆ. ಅದಕ್ಕೆ ‘ಥೈರಾಯ್ಡ್ ಗುಳಿಗೆ, ಖಾಲಿ ಹೊಟ್ಟೆ’ ಎಂದು ಕನ್ನಡದಲ್ಲೇ ಹೆಸರು ಕೊಡಬಹುದು. ಐಫೋನ್ ಇರುವವರಿಗೆ 2022ರ ಐಓಎಸ್ 16ರಿಂದ ಹೆಲ್ತ್ ಆ್ಯಪ್‌ನಲ್ಲಿ ಔಷಧಿಗಳಿಗೆಂದೇ ಒಂದು ವಿಭಾಗವಿದ್ದು, ತೆಗೆದುಕೊಂಡೆ, ಬಿಟ್ಟೆ ಎಂದು ಗುರುತು ಹಾಕುವ ಸೌಕರ್ಯವೂ ಅದರಲ್ಲಿದೆ.

ನನ್ನ ತಾಯಿಯ ಅನುಭವವನ್ನು ಇಲ್ಲಿ ಹೇಳಲೇಬೇಕು. ಅವರು ಗಂಟೆ ಬಾರಿಸಿದ ಕೂಡಲೇ ಅದನ್ನು ನಿಲ್ಲಿಸಿ, ‘ಈಗ ತಗೊಂತೀನಿ’ ಎಂದು ಅಡಿಗೆಮನೆಗೆ ಹೋಗಿ, ಒಲೆಯ ಮೇಲಿನ ಹಾಲು ನೋಡುತ್ತ ಗುಳಿಗೆಯನ್ನು ಮರೆತುಬಿಡುತ್ತಿದ್ದರು. ಗಂಟೆ ನಿಂತಿತು ಎಂಬುದೇ ಗುಳಿಗೆ ಹೊಟ್ಟೆಗೆ ಹೋಯಿತು ಎಂಬ ಭಾವನೆಯನ್ನು ಮನಸ್ಸಿಗೆ ಕೊಟ್ಟುಬಿಡುತ್ತದೆ. ಕೊನೆಗೆ ಫೋನ್, ವಾರದ ಏಳು ಮನೆಗಳಿರುವ ಗುಳಿಗೆ ಡಬ್ಬಿ ಮತ್ತು ನೀರಿನ ತಂಬಿಗೆ ಮೂರನ್ನೂ ಒಂದೇ ತಟ್ಟೆಯಲ್ಲಿಟ್ಟು, ಗುಳಿಗೆ ನುಂಗಿದ ಮೇಲೆಯೇ ಅಲಾರಂ ನಿಲ್ಲಿಸಬೇಕೆಂಬ ರೂಢಿ ಮಾಡಿದೆವು. ಡಬ್ಬಿಯಲ್ಲಿ ಸೋಮವಾರದ ಮನೆ ಖಾಲಿಯಾಗಿದ್ದರೆ ಸೋಮವಾರದ ಗುಳಿಗೆ ಆಗಿದೆ ಎಂದರ್ಥ. ಇದನ್ನು ಯಾವ ಆ್ಯಪ್ ಕೂಡ ಇಷ್ಟು ಖಚಿತವಾಗಿ ಹೇಳಲಾರದು. ತೆಗೆದುಕೊಂಡೆನೋ ಇಲ್ಲವೋ ಎಂಬ ಅನುಮಾನ ಬಂದ ದಿನ ಇನ್ನೊಂದು ನುಂಗದೆ ನಿಮ್ಮ ವೈದ್ಯರನ್ನು ಕೇಳಿ.

ವಾಚ್ ಕೊಡಿಸುವುದಾದರೆ ಮಗನಿಗೆ ಬೇಡ ಎನ್ನಬೇಡಿ. ಕಿವಿ ಸ್ವಲ್ಪ ಮಂದವಾದವರಿಗೆ ಮಣಿಕಟ್ಟಿನ ಮೇಲಿನ ನಡುಕ ಸದ್ದಿಗಿಂತ ಚೆನ್ನಾಗಿ ತಿಳಿಯುತ್ತದೆ. ಆದರೆ ಫೋನಿನಿಂದ ಬರುವ ನೋಟಿಫಿಕೇಶನ್ನನ್ನು ಮಾತ್ರ ನಂಬಿದರೆ ಫೋನಿನ ನಿದ್ದೆಯ ತೊಂದರೆ ವಾಚಿಗೂ ಬರುತ್ತದೆ. ಅಲಾರಂ ವಾಚಿನೊಳಗೇ ಉಳಿಯುವಂತೆ ಇಡಿ, ವಾಚನ್ನು ರಾತ್ರಿಯ ಬದಲು ಸ್ನಾನದ ಹೊತ್ತಿನಲ್ಲಿ ಚಾರ್ಜ್ ಮಾಡಿ.

ಪ್ರಶ್ನೆ: ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸೋಮವಾರ ಮತ್ತು ಗುರುವಾರ ಮಾರುಕಟ್ಟೆಯ ದಿನ ಕೈ ಬಿಡುವಿಲ್ಲದ್ದರಿಂದ ಎರಡು ಸಾವಿರ ರೂಪಾಯಿಯ ಸ್ಮಾರ್ಟ್‌ವಾಚ್ ತೆಗೆದುಕೊಂಡೆ. ಫೋನಿನಲ್ಲಿ ಕನ್ನಡದಲ್ಲಿ ಬರೆದ ರಿಮೈಂಡರ್ ವಾಚಿನಲ್ಲಿ ಬರೀ ಚೌಕಗಳಾಗಿ ಕಾಣುತ್ತದೆ. ಕೀಪ್ ಆ್ಯಪನ್ನು ವಾಚಿಗೆ ಹಾಕಲೂ ಬರುತ್ತಿಲ್ಲ.
— ಅಂಗಡಿ ಗುಮಾಸ್ತ, ಬ್ಯಾಡಗಿ

ಉತ್ತರ: ಸ್ಮಾರ್ಟ್‌ವಾಚ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ. ಆ್ಯಪಲ್ ವಾಚ್ ಮತ್ತು ಗೂಗಲ್‌ನ ವೇರ್ ಓಎಸ್ ಇರುವ ವಾಚುಗಳು ಸಣ್ಣ ಕಂಪ್ಯೂಟರ್‌ಗಳಿದ್ದಂತೆ. ಅವುಗಳಿಗೆ ಆ್ಯಪ್ ಹಾಕಬಹುದು, ಅವುಗಳಲ್ಲಿ ಕನ್ನಡ ಓದಬಹುದು. ನಿಮ್ಮ ಬೆಲೆಯ ವಾಚ್ ಅಂಥದ್ದಲ್ಲ. ಅದು ಬ್ಲೂಟೂತ್ ಮೂಲಕ ಫೋನ್ ಕಳಿಸಿದ ಸಾಲನ್ನು ತೋರಿಸುವ ಫಲಕ ಮಾತ್ರ. ಅದರೊಳಗೆ ಕನ್ನಡ ಅಕ್ಷರಗಳ ಫಾಂಟ್ ಇಲ್ಲದಿದ್ದರೆ ಪ್ರತಿ ಅಕ್ಷರದ ಜಾಗದಲ್ಲಿ ಚೌಕ ಬರುತ್ತದೆ. ಕೆಲವು ವಾಚುಗಳಲ್ಲಿ ಫಾಂಟ್ ಇದ್ದರೂ ಒತ್ತಕ್ಷರ ಜೋಡಿಸುವ ಜಾಣ್ಮೆ ಇರುವುದಿಲ್ಲವಾದ್ದರಿಂದ ‘ಕ್ವಿಂಟಲ್’ ಎಂಬುದು ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿಯಾಗುತ್ತದೆ. ಮುಂದೆ ಯಾರಾದರೂ ವಾಚ್ ಕೊಳ್ಳುವುದಿದ್ದರೆ, ಅಂಗಡಿಯಲ್ಲೇ ತಮ್ಮ ಫೋನಿಗೆ ಜೋಡಿಸಿ, ‘ಕ್ವಿಂಟಲ್’, ‘ಶೆಟ್ಟರ್’, ‘ಸೂರ್ಯ’ ಎಂಬ ಮೂರು ಪದಗಳಿರುವ ಸಂದೇಶವನ್ನು ಮನೆಯವರಿಂದ ಕಳಿಸಿಕೊಂಡು ಓದಿ ನೋಡಲಿ.

ಈಗಿರುವ ವಾಚಿನಲ್ಲೇ ಕೆಲಸ ನಡೆಸಲು ಒಂದು ಉಪಾಯವಿದೆ. ಇಂಥ ವಾಚುಗಳೂ 1, 2, 3 ಎಂಬ ಅಂಕಿಗಳನ್ನು ತಪ್ಪದೆ ತೋರಿಸುತ್ತವೆ. (೧, ೨, ೩ ಎಂದು ಕನ್ನಡ ಅಂಕಿ ಬರೆದರೆ ಮತ್ತೆ ಚೌಕವೇ.) ರಿಮೈಂಡರ್‌ನ ಮೊದಲ ಪದವಾಗಿ ಲಾಟ್ ಸಂಖ್ಯೆ, ಚೀಲದ ಲೆಕ್ಕ ಬರೆಯಿರಿ. ‘62-40’ ಎಂದು ಮಣಿಕಟ್ಟಿನ ಮೇಲೆ ಕಂಡರೆ, ಲಾಟ್ 62, ನಲವತ್ತು ಚೀಲ, ತೂಕ ಮಾಡಿಸಬೇಕು ಎಂದು ನಿಮಗೆ ಹೊಳೆಯುತ್ತದೆ. ಮೆಣಸಿನಕಾಯಿ ಡಬ್ಬಿ ತಳಿಯದೋ ಕಡ್ಡಿ ತಳಿಯದೋ, ಯಾವ ಊರಿನ ರೈತರದು ಎಂಬ ವಿವರ ಕನ್ನಡದಲ್ಲಿ ಫೋನಿನ ಟಿಪ್ಪಣಿಯಲ್ಲಿರಲಿ.

ಇನ್ನೊಂದು ಎಚ್ಚರ. ಬ್ಲೂಟೂತ್ ನಂಟು ಸುಮಾರು ಹತ್ತು ಮೀಟರ್‌ವರೆಗೆ ಮಾತ್ರ ಗಟ್ಟಿ. ಫೋನನ್ನು ಗಾದಿಯ ಮೇಲೆ ಬಿಟ್ಟು ಪ್ರಾಂಗಣದಲ್ಲಿ ನಾಲ್ಕು ಅಂಗಡಿ ದಾಟಿದರೆ ವಾಚಿಗೆ ಏನೂ ಬರುವುದಿಲ್ಲ, ಬರಲಿಲ್ಲ ಎಂಬುದೂ ನಿಮಗೆ ತಿಳಿಯುವುದಿಲ್ಲ. ಫೋನ್ ಅಂಗಿಯ ಜೇಬಿನಲ್ಲಿರಲಿ. ಬರೆಯಲು ಕೈ ಬಿಡುವಿಲ್ಲದಾಗ ಜಿಬೋರ್ಡ್ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. 2017ರಿಂದ ಈ ಸೌಕರ್ಯ ಕನ್ನಡಕ್ಕಿದೆ. ನಮ್ಮ ಕಡೆಯ ಮಾತಿನ ಧಾಟಿಯನ್ನು ಅದು ಕೆಲವೊಮ್ಮೆ ತಪ್ಪಾಗಿ ಹಿಡಿಯುತ್ತದೆ. ಆದ್ದರಿಂದ ದರವನ್ನು ಮಾತ್ರ ಬಾಯಿಂದ ಹೇಳದೆ ಬೆರಳಿನಿಂದಲೇ ಒತ್ತಿ, ಏಕೆಂದರೆ ಅಲ್ಲಿ ಒಂದು ಸೊನ್ನೆ ಹೆಚ್ಚುಕಡಿಮೆಯಾದರೂ ರೈತರಿಗೆ ನಷ್ಟ.

ಪ್ರಶ್ನೆ: ನಮ್ಮ ಓಣಿಗೆ ನಳದ ನೀರು ಏಳೆಂಟು ದಿನಕ್ಕೊಮ್ಮೆ ಬರುತ್ತದೆ. ಎಂಟು ದಿನಕ್ಕೊಮ್ಮೆ ಎಂದು ರಿಮೈಂಡರ್ ಹಾಕಿದರೆ ತಿಂಗಳೊಳಗೆ ಲೆಕ್ಕವೇ ತಪ್ಪುತ್ತದೆ.
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಒಂದು ಸಲ ನೀರು ಒಂದು ದಿನ ತಡವಾಗಿ ಬಂದರೆ, ನೀವು ಹಾಕಿದ ಸರಣಿ ಅಲ್ಲಿಂದ ಮುಂದೆ ಪ್ರತಿ ಸಲವೂ ಒಂದು ದಿನ ಮೊದಲೇ ಎಬ್ಬಿಸುತ್ತದೆ, ಏಕೆಂದರೆ ಕ್ಯಾಲೆಂಡರ್ ಮೊದಲ ದಿನಾಂಕದಿಂದ ಎಣಿಸುತ್ತದೆಯೇ ಹೊರತು ನೀರು ಬಂದ ದಿನದಿಂದಲ್ಲ. ಆದ್ದರಿಂದ ಮರುಕಳಿಸುವ ರಿಮೈಂಡರ್ ತೆಗೆದುಹಾಕಿ. ನೀರು ಬಂದ ದಿನ, ಕೊಡ ತುಂಬುವ ಹೊತ್ತಿನಲ್ಲೇ, ಆರು ದಿನದ ಮುಂದಕ್ಕೆ ಒಂದೇ ಒಂದು ರಿಮೈಂಡರ್ ಹಾಕಿ. ಟುಡೂಯಿಸ್ಟ್ ಎಂಬ ಆ್ಯಪ್‌ನಲ್ಲಿ ಇಂಗ್ಲಿಷಿನ ‘ಎವೆರಿ’ ಪದ ಮುಗಿದ ಕೂಡಲೇ ಅದಕ್ಕೆ ತಾಗಿಸಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ, ನಂತರ ದಿನಗಳ ಸಂಖ್ಯೆ ಬರೆದರೆ, ಕೆಲಸ ಮುಗಿಯಿತೆಂದು ಗುರುತು ಹಾಕಿದ ದಿನದಿಂದ ಅದು ಮತ್ತೆ ಎಣಿಕೆ ಶುರುಮಾಡುತ್ತದೆ. ಗ್ಯಾಸ್ ಸಿಲಿಂಡರ್ ಬದಲಿಸುವುದಕ್ಕೂ ಇದೇ ರೀತಿ ಒಪ್ಪುತ್ತದೆ.

ಪ್ರಶ್ನೆ: ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆಗಳ ಮಜಕೂರು, ಗಿರಾಕಿಗಳ ಹೆಸರು, ಕಾಗದದ ಲೆಕ್ಕ ಎಲ್ಲವನ್ನೂ ಮೂರು ವರ್ಷದಿಂದ ಫೋನಿನ ಜೊತೆಗೇ ಬಂದ ನೋಟ್ಸ್ ಆ್ಯಪ್‌ನಲ್ಲಿ ಬರೆದಿದ್ದೆ. ಫೋನ್ ನೀರಿಗೆ ಬಿತ್ತು. ಬೇರೆ ಕಂಪನಿಯ ಹೊಸ ಫೋನಿನಲ್ಲಿ ಒಂದು ಅಕ್ಷರವೂ ಇಲ್ಲ. ಇನ್ನು ಯಾವ ಆ್ಯಪ್ ಬಳಸಲಿ?
— ಪ್ರೆಸ್ ಮಾಲೀಕರು, ಗದಗ

ಉತ್ತರ: ಮುದ್ರಣ ಕಾಶಿ ಎನಿಸಿಕೊಂಡ ಊರಿನಲ್ಲಿ ಮಜಕೂರು ಕಳೆದುಕೊಂಡರೆ ಎಷ್ಟು ಸಂಕಟವೆಂಬುದು ನನಗೆ ಅರ್ಥವಾಗುತ್ತದೆ. ಮೊದಲು ಹಳೆಯದನ್ನು ಹುಡುಕೋಣ. ಹಳೆಯ ಫೋನಿನ ಕಂಪನಿಯ ಖಾತೆಯನ್ನು ನೀವು ಎಂದಾದರೂ ತೆರೆದಿದ್ದು, ಅದರಲ್ಲಿ ನೋಟ್ಸ್‌ನ ಸಿಂಕ್, ಅಂದರೆ ಬರಹದ ಪ್ರತಿ ಕಂಪನಿಯ ಕಂಪ್ಯೂಟರಿಗೂ ಹೋಗುವ ವ್ಯವಸ್ಥೆ, ಚಾಲೂ ಇದ್ದಿದ್ದರೆ, ಆ ಕಂಪನಿಯ ಕ್ಲೌಡ್ ತಾಣಕ್ಕೆ ಕಂಪ್ಯೂಟರಿನಿಂದ ಲಾಗಿನ್ ಆಗಿ ನೋಡಿ. ಸಿಂಕ್ ಇರದಿದ್ದರೆ ಟಿಪ್ಪಣಿಗಳು ಆ ಫೋನಿನೊಳಗೆ ಮಾತ್ರ ಇವೆ. ಹಾಗಿದ್ದಲ್ಲಿ ಫೋನನ್ನು ಗುಜರಿಗೆ ಹಾಕದೆ, ಚಾರ್ಜಿಗೂ ಹಚ್ಚದೆ, ಒಳ್ಳೆಯ ರಿಪೇರಿಯವರಿಗೆ ತೋರಿಸಿ. ಪರದೆ ಹೋಗಿದ್ದರೂ ಮದರ್‌ಬೋರ್ಡ್ ಉಳಿದಿದ್ದರೆ ಬರಹ ಸಿಗುವ ಸಾಧ್ಯತೆ ಇದೆ.

ಮುಂದಿನದಕ್ಕೆ ಆ್ಯಪ್‌ನ ಹೆಸರಿಗಿಂತ ಮೂರು ಮಾತು ಮುಖ್ಯ: ಬರಹ ಎಲ್ಲಿ ಉಳಿಯುತ್ತದೆ, ಬೇರೆ ಕಂಪನಿಯ ಫೋನಿನಲ್ಲಿ ತೆರೆಯುತ್ತದೆಯೇ, ಬೇಡವೆನಿಸಿದ ದಿನ ಎಲ್ಲವನ್ನೂ ಹೊರತೆಗೆದುಕೊಂಡು ಹೋಗಬಹುದೇ. ಉಚಿತ ಎಂಬುದು ಸದಾ ಉಚಿತವಾಗಿರುವುದಿಲ್ಲ. 2008ರಿಂದ ಹೆಸರು ಮಾಡಿದ್ದ ಎವರ್‌ನೋಟ್, 2023ರ ಡಿಸೆಂಬರಿನಲ್ಲಿ ಉಚಿತ ಬಳಕೆದಾರರಿಗೆ 50 ಟಿಪ್ಪಣಿ ಮತ್ತು ಒಂದೇ ನೋಟ್‌ಬುಕ್ ಎಂದು ಮಿತಿ ಹಾಕಿತು. ನಿಮ್ಮ ಕೆಲಸಕ್ಕೆ ಗೂಗಲ್ ಕೀಪ್ ಸಾಕು ಎಂಬುದು ನನ್ನ ಅಭಿಪ್ರಾಯ. ಆಂಡ್ರಾಯ್ಡ್, ಐಫೋನ್, ಪ್ರೆಸ್ಸಿನ ಕಂಪ್ಯೂಟರ್ ಎಲ್ಲದರಲ್ಲೂ ಅದು ತೆರೆಯುತ್ತದೆ, ಮಜಕೂರು ಬೇರೆ ಬೇರೆ ಸಾಧನಗಳಲ್ಲೂ ಓದಬಲ್ಲ ಯೂನಿಕೋಡ್ ಅಕ್ಷರಗಳಲ್ಲಿರುತ್ತದೆ, ಡಿಟಿಪಿ ಮಾಡುವ ಹುಡುಗನನ್ನು ಒಂದು ಟಿಪ್ಪಣಿಗೆ ಪಾಲುದಾರನಾಗಿ ಸೇರಿಸಿದರೆ ನೀವು ತಿದ್ದಿದ್ದು ಅವನಿಗೂ ಕಾಣುತ್ತದೆ. ಗೂಗಲ್ ಟೇಕ್‌ಔಟ್ ಮೂಲಕ ಎಲ್ಲ ಟಿಪ್ಪಣಿಗಳನ್ನೂ ಒಟ್ಟಿಗೆ ಇಳಿಸಿಕೊಳ್ಳಬಹುದು. ಪ್ರತಿ ತಿಂಗಳು ಒಂದು ಸಲ ಇಳಿಸಿ ಪ್ರೆಸ್ಸಿನ ಹಾರ್ಡ್‌ಡಿಸ್ಕ್‌ನಲ್ಲಿಡಿ, ಅದಕ್ಕೆ ಮಾತ್ರ ಮರುಕಳಿಸುವ ರಿಮೈಂಡರ್ ಧಾರಾಳವಾಗಿ ಹಾಕಿಕೊಳ್ಳಿ.

ಅದರ ಕೊರತೆಗಳೂ ಗೊತ್ತಿರಲಿ. ಅಳಿಸಿದ ಟಿಪ್ಪಣಿ ಕಸದಬುಟ್ಟಿಯಲ್ಲಿ ಏಳು ದಿನ ಮಾತ್ರ ಇರುತ್ತದೆ. ಎರಡು ವರ್ಷ ಮುಟ್ಟದ ಗೂಗಲ್ ಖಾತೆಯನ್ನು ಕಂಪನಿ ಅಳಿಸಬಹುದು. ಒಂದೊಂದು ಟಿಪ್ಪಣಿಗೆ ಬೀಗ ಹಾಕುವ ಸೌಕರ್ಯ ಕೀಪ್‌ನಲ್ಲಿಲ್ಲ. ಪ್ರೆಸ್ಸಿನಲ್ಲಿ ಮಾಲೀಕರ ಫೋನ್ ದಿನಕ್ಕೆ ಹತ್ತು ಕೈ ದಾಟುತ್ತದೆ. ಬ್ಯಾಂಕಿನ ಪಾಸ್‌ವರ್ಡ್, ಎಟಿಎಂ ಪಿನ್, ಗಿರಾಕಿಗಳ ಆಧಾರ್ ಸಂಖ್ಯೆಯನ್ನು ಅದರಲ್ಲಿ ಬರೆಯಬೇಡಿ, ಈಗಾಗಲೇ ಬರೆದಿದ್ದರೆ ಇವತ್ತೇ ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಿ.