ತಪ್ಪು ಅವರದು, ಮನೆ ಯಾರದು?

ಈ ಸಲ ಬಂದ ಪತ್ರಗಳಲ್ಲಿ ಡೈವೋರ್ಸ್ ಮತ್ತು ಜೀವನಾಂಶದ್ದೇ ಜಾಸ್ತಿ. ಮೂರನ್ನು ಆರಿಸಿಕೊಂಡಿದ್ದೇನೆ. ಮೂವರಿಗೂ ಹಿಂದೂ ವಿವಾಹ ಕಾಯ್ದೆ ಅನ್ವಯಿಸುತ್ತದೆ, ಉತ್ತರವೂ ಅದರ ಪ್ರಕಾರವೇ.

ಪ್ರಶ್ನೆ: ಮೇಡಂ, ಮದುವೆಯಾಗಿ 14 ವರ್ಷ. ನನ್ನ ಗಂಡನಿಗೆ ಆಫೀಸಿನಲ್ಲಿ ಒಬ್ಬರ ಜೊತೆ ಸಂಬಂಧ ಇದೆ. ವಾಟ್ಸಾಪ್ ಸ್ಕ್ರೀನ್‌ಶಾಟ್ ನೂರಕ್ಕೂ ಹೆಚ್ಚು ಇಟ್ಟುಕೊಂಡಿದ್ದೇನೆ. ಮಗಳು ಏಳನೇ ಕ್ಲಾಸು. ನನಗೆ ಕೆಲಸ ಇಲ್ಲ. ಇರುವ ಮನೆ ಅವರ ಹೆಸರಲ್ಲಿದೆ, ಊರಲ್ಲಿ ಪಿತ್ರಾರ್ಜಿತ ಜಮೀನಿದೆ. ತಪ್ಪು ಪೂರಾ ಅವರದೇ. ಅರ್ಧ ಆಸ್ತಿ ನನಗೆ ಬರುತ್ತದಲ್ವಾ?
ಹೆಸರು ಬೇಡ, ದಾವಣಗೆರೆ

ಉತ್ತರ: ಬರುವುದಿಲ್ಲ. ಬೇಜಾರಾಗಬೇಡಿ, ಮೊದಲೇ ಹೇಳಿಬಿಡುವುದು ಒಳ್ಳೆಯದು ಅಂತ ಹೇಳಿದೆ. ಈ ‘ಅರ್ಧ ಆಸ್ತಿ’ ಅನ್ನುವ ಮಾತು ಹೊರದೇಶದ ಸುದ್ದಿ ಓದಿ ಓದಿ ನಮ್ಮ ತಲೆಯಲ್ಲಿ ಕೂತಿದೆ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಇರುವುದರಿಂದ ಅಲ್ಲಿನ ಕಥೆ ಬೇರೆ. ನಮ್ಮಲ್ಲಿ ಪತ್ರ ಯಾರ ಹೆಸರಲ್ಲಿದೆಯೋ ಮನೆ ಅವರದು. ಗಂಡನ ಆಸ್ತಿಯಲ್ಲಿ ಹೆಂಡತಿಗೂ ಪಾಲು ಕೊಡುವ ಒಂದು ತಿದ್ದುಪಡಿ 2013ರಲ್ಲಿ ರಾಜ್ಯಸಭೆಯಲ್ಲಿ ಪಾಸಾಗಿತ್ತು, ಕಾನೂನು ಮಾತ್ರ ಆಗಲೇ ಇಲ್ಲ. ಅವರು ಎಷ್ಟೇ ದೊಡ್ಡ ತಪ್ಪು ಮಾಡಿರಲಿ, ಅದಕ್ಕಾಗಿ ಖಾತೆ ನಿಮ್ಮ ಹೆಸರಿಗೆ ಬರುವುದಿಲ್ಲ.

ಊರಿನ ಜಮೀನು ನಿಜಕ್ಕೂ ಪಿತ್ರಾರ್ಜಿತವೇ ಆಗಿದ್ದರೆ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಮಗ ಮಗಳು ಅಂತ ಭೇದ ಇಲ್ಲ. ನೀವು ಡೈವೋರ್ಸ್ ತಗೊಂಡರೂ ಅವಳ ಪಾಲು ಎಲ್ಲೂ ಹೋಗುವುದಿಲ್ಲ.

ಹಾಗಾದರೆ ಅವರ ತಪ್ಪಿಗೆ ಲೆಕ್ಕವೇ ಇಲ್ಲವಾ? ಇದೆ. ಡೈವೋರ್ಸ್ ಸಿಗುವುದಕ್ಕೆ ಅದು ಬಲವಾದ ಕಾರಣ. 2018ರಲ್ಲಿ ಸುಪ್ರೀಂ ಕೋರ್ಟು ವ್ಯಭಿಚಾರವನ್ನು ಅಪರಾಧ ಅನ್ನುತ್ತಿದ್ದ ಐಪಿಸಿಯ 497ನೇ ಸೆಕ್ಷನ್ ತೆಗೆದುಹಾಕಿತು, ಹಾಗಾಗಿ ಇದಕ್ಕೆ ಈಗ ಜೈಲಿಲ್ಲ. ಆದರೆ ವಿವಾಹ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಆ ಕಾರಣ ಹಾಗೇ ಇದೆ. ಒಂದು ಎಚ್ಚರ: ವಿಷಯ ಗೊತ್ತಾದ ಮೇಲೂ ಕ್ಷಮಿಸಿ ಮೊದಲಿನಂತೆ ಸಂಸಾರ ನಡೆಸಿದರೆ ‘ಆಗ ನೀವೇ ಒಪ್ಪಿಕೊಂಡಿರಲ್ಲ’ ಅಂತ ಅವರ ವಕೀಲರು ಹಿಡಿದುಕೊಳ್ಳುತ್ತಾರೆ.

ಜೀವನಾಂಶದ 25ನೇ ಸೆಕ್ಷನ್‌ನಲ್ಲೂ ಇಬ್ಬರ ಆದಾಯ, ಆಸ್ತಿಯ ಜೊತೆಗೆ ನಡತೆಯನ್ನೂ ನೋಡಬೇಕು ಅಂತಿದೆ. ಆದರೆ ಗಂಡ ಕೆಟ್ಟವನು ಅಂತ ಸಾಬೀತಾದ ಕೂಡಲೇ ಮೊತ್ತ ಎರಡು ಪಟ್ಟಾಗುವುದಿಲ್ಲ. ಜೀವನಾಂಶ ಇರುವುದು ಗಂಡನಿಗೆ ಶಿಕ್ಷೆ ಕೊಡಲು ಅಲ್ಲ, ಹೆಂಡತಿ ಮರ್ಯಾದೆಯಿಂದ ಬದುಕಲು ಅಂತ 2024ರ ಡಿಸೆಂಬರ್‌ನಲ್ಲೂ ಸುಪ್ರೀಂ ಕೋರ್ಟು ಹೇಳಿದೆ. ಮೊತ್ತ ನಿಂತಿರುವುದು ಅವರ ಸಂಬಳ ಎಷ್ಟು, ಸಾಲ ಎಷ್ಟು, ನೀವು ಹೇಗೆ ಬದುಕುತ್ತಿದ್ದಿರಿ, ಮಗಳ ಫೀಸು ಎಷ್ಟು ಅನ್ನುವುದರ ಮೇಲೆ. ಸುಪ್ರೀಂ ಕೋರ್ಟಿನ 2020ರ ತೀರ್ಪಿನ ಪ್ರಕಾರ ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಕೊಡಲೇಬೇಕು. ಅದರಲ್ಲಿ ಅವರು ಮುಚ್ಚಿಟ್ಟದ್ದನ್ನು ನೀವು ತೋರಿಸಬೇಕಾಗುತ್ತದೆ. ಅದಕ್ಕೇ ನೂರು ಸ್ಕ್ರೀನ್‌ಶಾಟ್ ನೋಡಿ ನನಗೆ ಸ್ವಲ್ಪ ಸಂಕಟವಾಯಿತು. ಅವುಗಳಲ್ಲಿ ಐದಾರು ಸ್ಪಷ್ಟವಾಗಿದ್ದರೆ ಸಾಕಮ್ಮ. ಆ ಹೊತ್ತಿನಲ್ಲಿ ಸ್ಯಾಲರಿ ಸ್ಲಿಪ್, ಫಾರ್ಮ್ 16, ಎಲ್‌ಐಸಿ, ಎಫ್‌ಡಿ, ಬೇರೆ ಸೈಟೇನಾದರೂ ಇದ್ದರೆ ಅದರ ಪತ್ರ, ಇವುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಆ ಹೆಂಗಸಿನ ಕಾಲ್ ಡೀಟೇಲ್ಸ್ ತರಿಸುವ ಯೋಚನೆ ಇದ್ದರೆ ಬಿಡಿ. ಮೂರನೆಯವರ ಖಾಸಗಿತನಕ್ಕೆ ಹೀಗೆ ಕೈ ಹಾಕಲಾಗದು ಅಂತ ನಮ್ಮ ಹೈಕೋರ್ಟು 2022ರಲ್ಲೇ ಹೇಳಿದೆ.

ಇನ್ನೊಂದು, ಸಿಟ್ಟಿನಲ್ಲಿ ಮನೆ ಬಿಟ್ಟು ತವರಿಗೆ ಹೋಗಬೇಡಿ (ಹೊಡೆತ ಬಡಿತ ಇದ್ದರೆ ಮಾತು ಬೇರೆ, ಆಗ ಒಂದು ನಿಮಿಷವೂ ಇರಬೇಡಿ). ಮನೆ ನಿಮ್ಮ ಹೆಸರಲ್ಲಿ ಇಲ್ಲದಿದ್ದರೂ ಅದರಲ್ಲಿ ವಾಸ ಮಾಡುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಕೊಟ್ಟಿದೆ.

ಪ್ರಶ್ನೆ: ನನ್ನ ಹೆಂಡತಿ ಮೂರು ವರ್ಷದಿಂದ ತವರಿನಲ್ಲಿದ್ದಾಳೆ. ಫ್ಯಾಮಿಲಿ ಕೋರ್ಟು ಅವಳಿಗೂ ಮಗನಿಗೂ ಸೇರಿ ತಿಂಗಳಿಗೆ 12,000 ಕೊಡು ಅಂದಿದೆ. ಅವಳು ಒಬ್ಬನ ಬೈಕಿನಲ್ಲಿ ಓಡಾಡುವುದನ್ನು ನನ್ನ ಸ್ನೇಹಿತರು ನೋಡಿದ್ದಾರೆ. ನಡತೆ ಕೆಟ್ಟರೆ ಜೀವನಾಂಶ ಇಲ್ಲ ಅನ್ನುತ್ತಾರೆ. ಮುಂದಿನ ತಿಂಗಳಿಂದ ನಿಲ್ಲಿಸಬಹುದಾ?
ಒಬ್ಬ ಓದುಗ, ತುಮಕೂರು

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಆದೇಶ ಇರುವಾಗ ನೀವೇ ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ, ವಾರಂಟು ಬರುತ್ತದೆ, ಒಳಗೂ ಹೋಗಬೇಕಾಗಬಹುದು.

ನೀವು ಕೇಳಿದ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಹಳೇ ಸಿಆರ್‌ಪಿಸಿಯ 125ನೇ ಸೆಕ್ಷನ್, ಈಗ ನಾಗರಿಕ ಸುರಕ್ಷಾ ಸಂಹಿತೆಯ 144, ಅದರಲ್ಲಿ ಪರಪುರುಷನ ಜೊತೆ ಸಂಬಂಧದಲ್ಲಿ ‘ಬದುಕುತ್ತಿರುವ’ ಹೆಂಡತಿಗೆ ಜೀವನಾಂಶ ಇಲ್ಲ ಅಂತಿದೆ. ಆ ‘ಬದುಕುತ್ತಿರುವ’ ಅನ್ನುವ ಪದದ ಮೇಲೇ ಎಷ್ಟೋ ಕೇಸುಗಳು ಬಿದ್ದುಹೋಗಿವೆ. ಯಾವಾಗಲೋ ಒಂದು ಸಲ ನಡೆದದ್ದು ಸಾಲುವುದಿಲ್ಲ, ಈಗಲೂ ಸತತವಾಗಿ ನಡೆಯುತ್ತಿದೆ ಅಂತ ತೋರಿಸಬೇಕು, ಅದೂ ನೀವೇ ತೋರಿಸಬೇಕು. ಬೈಕಿನ ಹಿಂದೆ ಕೂತಿದ್ದು ಏನನ್ನೂ ಸಾಬೀತು ಮಾಡುವುದಿಲ್ಲ, ಸುಮ್ನೆ ಆರೋಪ ಮಾಡಿ ಸೋತರೆ ಅದನ್ನೇ ನಿಮ್ಮ ಕ್ರೌರ್ಯ ಅಂತ ಅವರು ತಿರುಗಿಸಿ ಹೇಳಬಹುದು. ಬಿಟ್ಟುಹೋದ ಕಾರಣಕ್ಕೆ ನಿಮಗೆ ಡೈವೋರ್ಸ್ ಸಿಕ್ಕಿತು ಅಂದುಕೊಳ್ಳಿ, ಆಗಲೂ ಆಕೆ ತನ್ನನ್ನು ಸಾಕಿಕೊಳ್ಳಲಾಗದೆ ಇದ್ದರೆ ಜೀವನಾಂಶ ಕೇಳಬಹುದು ಅಂತ ಸುಪ್ರೀಂ ಕೋರ್ಟಿನ 2000ದ ತೀರ್ಪೊಂದಿದೆ. ಆಕೆ ಮರುಮದುವೆಯಾದರೆ ಸರಿ, ಆಕೆಯ ಪಾಲು ರದ್ದು ಮಾಡಿ ಅಂತ ಅರ್ಜಿ ಹಾಕಬಹುದು. ನಿಜವಾದ ಸಾಕ್ಷಿ ಇದ್ದರೆ ಅದನ್ನೂ ಅರ್ಜಿಯಲ್ಲೇ ಹೇಳಿ.

ಮಗನ ಪಾಲಿನ ದುಡ್ಡನ್ನು ಈ ಜಗಳಕ್ಕೆ ಎಳೆಯಲೇಬೇಡಿ. ತಾಯಿಯ ನಡತೆಗೂ ಅದಕ್ಕೂ ಸಂಬಂಧವೇ ಇಲ್ಲ.

ಪ್ರಶ್ನೆ: ಇಬ್ಬರೂ ಒಪ್ಪಿ ಬೇರೆಯಾಗುತ್ತಿದ್ದೇವೆ. ಅಪ್ಪ ಅಮ್ಮ ಹಾಕಿದ ಒಡವೆ ಮದುವೆಯಾದ ವಾರಕ್ಕೇ ಅತ್ತೆಯ ಲಾಕರ್ ಸೇರಿತ್ತು. ‘ಬಿಟ್ಟುಹೋಗುವವಳು ನೀನು, ಬಂಗಾರ ಯಾಕೆ’ ಅನ್ನುತ್ತಾರೆ.
ಓದುಗಿ, ಶಿರಸಿ

ಉತ್ತರ: ಬಿಟ್ಟುಹೋಗುವವರು ಯಾರಾದರೇನು, ಅದು ನಿಮ್ಮ ಸ್ತ್ರೀಧನ, ಅಂದರೆ ನಿಮ್ಮದೇ ಸ್ವಂತ ಆಸ್ತಿ. ಕೇರಳದ ಒಬ್ಬರ ಕೇಸಿನಲ್ಲಿ ಹೀಗೇ ಆಗಿತ್ತು. ಜೋಪಾನ ಮಾಡುತ್ತೇನೆ ಅಂತ ಗಂಡ 89 ಪವನು ಬಂಗಾರ ಇಸಿದುಕೊಂಡು ಅತ್ತೆ ಕೈಗೆ ಕೊಟ್ಟಿದ್ದನಂತೆ. 2024ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಬದಲಾಗಿ 25 ಲಕ್ಷ ಕೊಡಿಸಿತು.

ಒಪ್ಪಿಗೆ ಪತ್ರದಲ್ಲಿ ‘ಎಲ್ಲ ಲೆಕ್ಕ ಚುಕ್ತಾ’ ಅನ್ನುವ ಸಾಲು ಇದೆಯಾ ನೋಡಿ. ಬಂಗಾರ ಕೈಗೆ ಬರುವ ಮೊದಲು ಅದಕ್ಕೆ ಸಹಿ ಹಾಕಬೇಡಿ. ಒಂದೊಂದು ಒಡವೆಯನ್ನೂ ಗ್ರಾಂ ಸಮೇತ ಅರ್ಜಿಯಲ್ಲೇ ಬರೆಸಿ. ಅಂಗಡಿ ಬಿಲ್ ಸಿಗದಿದ್ದರೆ ಮದುವೆ ಆಲ್ಬಮ್ ತೆಗೆಯಿರಿ, ಧಾರೆಯ ಫೋಟೋದಲ್ಲಿ ಮೈಮೇಲೆ ಇದ್ದದ್ದೆಲ್ಲ ಕಾಣುತ್ತದೆ.