ಅಜ್ಜಿಯ ನೀಲಿ ಸೀಸೆ

ಪ್ರಶ್ನೆ: ಅಜ್ಜಿಯ ಟ್ರಂಕಿನಲ್ಲಿ ಗಾಢ ನೀಲಿ ಗಾಜಿನ ಪುಟ್ಟ ಸೆಂಟಿನ ಸೀಸೆ ಸಿಕ್ಕಿತು. ಬೆಳ್ಳಿ ಬಣ್ಣದ ಚೀಟಿಯ ಮೇಲೆ ‘ಈವ್ನಿಂಗ್ ಇನ್ ಪ್ಯಾರಿಸ್’ ಎಂದಿದೆ. ತಳದಲ್ಲಿ ಕಂದು ಅಂಟು ಉಳಿದಿದೆ. ತೊಳೆಯಬಹುದೇ? ಬೆಲೆ ಬಾಳುತ್ತದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಅದನ್ನು ನಲ್ಲಿಯ ಹತ್ತಿರಕ್ಕೂ ಒಯ್ಯಬೇಡಿ! ನೀರು ತಗುಲಿದರೆ ಮೊದಲು ಕಿತ್ತುಬರುವುದು ಆ ಚೀಟಿ. ಚೀಟಿ ಹೋದರೆ ಸಂಗ್ರಹಕಾರರ ಕಣ್ಣಿಗೆ ಅದು ಬರಿಯ ನೀಲಿ ಗಾಜು. ಒಣಗಿದ ಮೆತ್ತನೆಯ ಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟೇ. ತಳದ ಅಂಟು ಹಾಗೆಯೇ ಇರಲಿ. ಮುಚ್ಚಳ ತೆರೆದರೆ ಈಗಲೂ ಕೊಂಚ ಪರಿಮಳ ಬಂದೀತು.

ಇದು ಫ್ರಾನ್ಸಿನ ಬೂರ್ಜ್ವಾ (Bourjois) ಎಂಬ ಕಂಪನಿ 1928ರಲ್ಲಿ ಹೊರತಂದ ಸುಗಂಧ. ರೂಪಿಸಿದವರು ಅರ್ನೆಸ್ಟ್ ಬೋ. 1921ರ ಹೆಸರಾಂತ ಸೆಂಟು ಶನೆಲ್ ನಂಬರ್ 5 ಕೂಡ ಅವರದೇ ಕೈಚಳಕ. ಹಾಗೆಂದು ಈಗಲೇ ಹಿಗ್ಗಬೇಡಿ. ಶನೆಲ್ ಸಿರಿವಂತರ ಸೊತ್ತು. ಇದು ಅಮೆರಿಕದ ಔಷಧಿ ಅಂಗಡಿಗಳಲ್ಲೂ ಅಗ್ಗಕ್ಕೆ ಸಿಗುತ್ತಿದ್ದ ಸರಕು. ಅದಕ್ಕೇ ಬಿಡಿ ಸೀಸೆಗಳು ಇಂದಿಗೂ ರಾಶಿ ರಾಶಿ ಉಳಿದಿವೆ, ದೊಡ್ಡ ಬೆಲೆ ಬರುವುದಿಲ್ಲ. ಮೂಲ ಪೆಟ್ಟಿಗೆ, ಮುಚ್ಚಳ, ಚೀಟಿ ಮೂರೂ ಕೂಡಿದ್ದರೆ ಮಾತೇ ಬೇರೆ. ಅದರಲ್ಲೂ ಈ ಸುಗಂಧಕ್ಕೆಂದೇ ಮಾಡಿದ, ಗೂಬೆಯ ಆಕಾರದ ನೀಲಿ ಬೇಕಲೈಟ್ (ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್) ಡಬ್ಬಿಯೊಂದಿದೆ. ಅದಕ್ಕಾಗಿ ಸಂಗ್ರಹಕಾರರು ಹಟಕ್ಕೆ ಬಿದ್ದು ಹಣ ಸುರಿಯುತ್ತಾರೆ. (ನನಗಂತೂ ಆ ಗೂಬೆ ಅಷ್ಟು ಚೆಲುವೆನಿಸಿಲ್ಲ.) ಟ್ರಂಕಿನಲ್ಲಿ ಪೆಟ್ಟಿಗೆಯೂ ಸಿಕ್ಕಿದರೆ ಅದರ ಮೇಲೆ ಬಾರ್‌ಕೋಡ್ ಇದೆಯೇ ನೋಡಿ. ಇದ್ದರೆ ಅದು ಅಜ್ಜಿಯ ಹರೆಯದ ಕಾಲದ್ದಲ್ಲ, ಬಹಳ ಈಚಿನದು.