ಆಷಾಢಕ್ಕೆ ಬೆಂಗಳೂರಿಗೆ ಹೋಗಿ ಬನ್ನಿ

ಪ್ರಶ್ನೆ: ನನಗೆ 24 ವರ್ಷ. ಹಾಸನದಲ್ಲಿ ಅಪ್ಪನ ಫೋಟೊ ಸ್ಟುಡಿಯೊ ಇದೆ. ನಾಲ್ಕು ವರ್ಷದಿಂದ ಅವರ ಜೊತೆ ಮದುವೆ ಫೋಟೊ ತೆಗೆಯುತ್ತಿದ್ದೇನೆ. ನನಗೆ ಆಸೆ ಇರುವುದು ಫ್ಯಾಷನ್, ಪೋರ್ಟ್ರೇಟ್ ಮೇಲೆ. ಬೆಂಗಳೂರಿನ ಫೋಟೊಗ್ರಾಫರ್ ಒಬ್ಬರು ಅಸಿಸ್ಟೆಂಟ್ ಆಗಿ ಬಾ ಎಂದಿದ್ದಾರೆ. ಸಂಬಳ ಇಲ್ಲ, ಓಡಾಟದ ಖರ್ಚು ಮಾತ್ರ. ಹೇಳಿದರೆ ಅಪ್ಪ ನೊಂದುಕೊಳ್ಳುತ್ತಾರೆ. ಏನು ಮಾಡಲಿ?
– ಎಸ್., ಹಾಸನ

ಉತ್ತರ: ಮೊದಲು ಕ್ಯಾಲೆಂಡರ್ ತೆಗೆಯಿರಿ. ಆಷಾಢದಲ್ಲಿ ನಮ್ಮ ಕಡೆ ಯಾರು ಮದುವೆ ಮಾಡುತ್ತಾರೆ? ಸ್ಟುಡಿಯೊ ಹೇಗೂ ಖಾಲಿ, ಅಲ್ವಾ? ಆ ತಿಂಗಳು ಹೋಗಿ ಕೆಲಸ ನೋಡಿ ಬನ್ನಿ. ಹಿಡಿಸಿದರೆ ಧನುರ್ಮಾಸದಲ್ಲಿ ಇನ್ನೊಮ್ಮೆ. "ಬಿಟ್ಟು ಹೋಗುತ್ತೇನೆ" ಅಂದರೆ ಅಪ್ಪನಿಗೆ ಎದೆ ಧಸಕ್ ಅನ್ನುತ್ತದೆ. "ಶ್ರಾವಣಕ್ಕೆ ಬರುತ್ತೇನೆ" ಅಂದರೆ ಅಷ್ಟು ಅನ್ನಿಸದು.

ಅಸಿಸ್ಟೆಂಟ್ ಕೈಗೆ ಮೊದಮೊದಲು ಕ್ಯಾಮೆರಾ ಸಿಗುವುದಿಲ್ಲ. ಲೈಟ್ ಸ್ಟ್ಯಾಂಡ್ ಹೊರಬೇಕು, ರಿಫ್ಲೆಕ್ಟರ್ ಹಿಡಿಯಬೇಕು, ರಾತ್ರಿ ಕೂತು ಫೈಲ್ ಕಾಪಿ ಮಾಡಬೇಕು. ಬೆಳಕು ಎಲ್ಲಿಂದ ಬಿದ್ದರೆ ಬಟ್ಟೆಯ ನೇಯ್ಗೆ ಕಾಣುತ್ತದೆ ಎಂಬುದು ಹಾಗೆ ಹಿಡಿದು ನಿಂತಾಗಲೇ ತಿಳಿಯುವುದು. ಆದರೆ ಬಿಟ್ಟಿ ಕೆಲಸಕ್ಕೆ ಕೊನೆಯ ದಿನ ಇರಬೇಕು. ತಿಂಗಳಾದ ಮೇಲೆ ದಿನಕ್ಕೆ ಎಷ್ಟು ಎಂದು ಈಗಲೇ ಕೇಳಿ, ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಕೇಳಿದ್ದಕ್ಕೇ ಮುಖ ಸಿಂಡರಿಸಿದರೆ ಆ ಜಾಗ ಬೇಡ.

ಅಪ್ಪನ ಸ್ಟುಡಿಯೊವನ್ನು ಹಳೇ ಅಂಗಡಿ ಅಂದುಕೊಳ್ಳಬೇಡಿ. ಅಮೆರಿಕದ ಫ್ಯಾಷನ್ ಫೋಟೊಗ್ರಾಫರ್ ಅರ್ವಿಂಗ್ ಪೆನ್ 1948ರಲ್ಲಿ ವೋಗ್ ಪತ್ರಿಕೆಯ ಕೆಲಸಕ್ಕೆ ಪೆರು ದೇಶಕ್ಕೆ ಹೋಗಿದ್ದರು. ಅಲ್ಲಿನ ಕುಸ್ಕೊ ಊರಿನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ನಿಮ್ಮಪ್ಪನಂಥ ಒಬ್ಬರ ಸ್ಟುಡಿಯೊ ಬಾಡಿಗೆಗೆ ಹಿಡಿದರು. ಹಬ್ಬಕ್ಕೆ ಫೋಟೊ ತೆಗೆಸಲು ಬಂದವರಿಂದ ಕಾಸು ತಗೊಳ್ಳಲಿಲ್ಲ, ತಾವೇ ಕೊಟ್ಟರು! ಬಣ್ಣ ಬಳಿದ ಪರದೆ, ಹೊರಗಿನ ಬೆಳಕು, ಅಷ್ಟೇ. ಅವರ ಹೆಸರಾದ ಪೋರ್ಟ್ರೇಟ್‌ಗಳಲ್ಲಿ ಅವೂ ಸೇರಿವೆ. ಅಂಥದೊಂದು ಪರದೆ ನಿಮ್ಮ ಅಟ್ಟದಲ್ಲೂ ಇದ್ದೀತು, ನೋಡಿ.

ಹೋಗುವ ಮೊದಲು ಅಲ್ಲೇ ಹದಿನೈದು ಒಳ್ಳೆ ಫೋಟೊ ಮಾಡಿಕೊಳ್ಳಿ. ಪರಿಚಯದ ಟೈಲರ್, ಬ್ಯೂಟಿ ಪಾರ್ಲರ್‌ನವರು, ಒಬ್ಬ ಗೆಳತಿ ಸಾಕು. ಯಾರೂ ಯಾರಿಗೂ ದುಡ್ಡು ಕೊಡುವುದು ಬೇಡ, ಫೋಟೊ ಎಲ್ಲರಿಗೂ. ದಯವಿಟ್ಟು ಶೆಟ್ಟಿಹಳ್ಳಿ ಚರ್ಚ್ ಮುಂದೆ ಮಾತ್ರ ತೆಗೆಯಬೇಡಿ. ಪ್ರೀವೆಡ್ಡಿಂಗ್‌ನವರ ದಯೆಯಿಂದ ಅದನ್ನು ನೋಡಿ ನೋಡಿ ಸಾಕಾಗಿದೆ.

ಅಪ್ಪನಿಗೆ ಹೇಳುವುದು ಹೇಗೆ ಅಂದಿರಲ್ಲ. ಮದುವೆಯಲ್ಲಿ ಹೆದರಿದ ಹುಡುಗಿಯನ್ನು ಮಾತಾಡಿಸುತ್ತಾ ಸಡಿಲ ಮಾಡುವುದು ನಿಮಗೆ ಗೊತ್ತು. ಅಪ್ಪನಿಗೂ ಅದನ್ನೇ ಮಾಡಿ. ಎಲ್ಲರ ಫೋಟೊ ತೆಗೆದವರು ಅವರು, ಅವರದೇ ಒಳ್ಳೆ ಫೋಟೊ ಮನೆಯಲ್ಲಿ ಇದೆಯೋ ಇಲ್ಲವೋ. ಒಂದು ಮಧ್ಯಾಹ್ನ ಆ ಪರದೆಯ ಮುಂದೆ ಕೂರಿಸಿ. ಫೋಕಸ್ ಮಾಡುತ್ತಾ ವಿಷಯ ತೆಗೆಯಿರಿ. ಗಲ್ಲ ಅಲುಗಾಡಿಸಬಾರದು ಎಂದು ಅವರೇ ಹೇಳಿಕೊಟ್ಟಿರುತ್ತಾರೆ, ತಕ್ಷಣ ಬೈಯಲಾರರು.